ರೈತರ ಕಂಪನಿಗೆ ರಿಜಿಸ್ಟರಿ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆದದ್ದನ್ನು ಒಟ್ಟುಗೂಡಿ ಮಾರಲು ಕಂಪನಿ ಕಟ್ಟುವ ಮಾತು ನಿಮ್ಮಲ್ಲಿ ನಡೆದಿದೆ, ಸಂತೋಷ. ಕಂಪನಿಯೆಂದರೆ ಪಟ್ಟಣದ ಸಾಹುಕಾರರದು ಎಂಬ ಅಳುಕು ಬೇಡ. ಬೆಳೆಗಾರರೇ ಒಡೆಯರಾಗುವ ಉತ್ಪಾದಕ ಕಂಪನಿಗೆ 2002ರ ಕಾಯಿದೆ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಹತ್ತು ಮಂದಿ ಬೆಳೆಗಾರರು ಸಾಕು. ನಿರ್ದೇಶಕರು ಐವರಿಗೆ ಕಡಿಮೆಯಿರಬಾರದು. ಬೆಳೆಗಾರರಷ್ಟೇ ಸದಸ್ಯರಾದಲ್ಲಿ ಷೇರು ಒಂದಿರಲಿ, ನೂರಿರಲಿ, ತಲೆಗೆ ಒಂದೇ ಓಟು.

ಅರ್ಜಿಯನ್ನು ಕಂಪ್ಯೂಟರಿನ ಮೂಲಕವೇ ಕಳುಹಿಸತಕ್ಕದ್ದು. ಕಂಪನಿಯ ಹೆಸರು ‘ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್’ ಎಂದು ಮುಗಿಯಬೇಕು. ಪ್ಯಾನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇರುವವರು ಮೊದಲೇ ತಿದ್ದಿಸಿಕೊಳ್ಳಿ. ಕಚೇರಿಗೆ ಮನೆಯ ಒಂದು ಕೋಣೆಯಾದರೂ ಆದೀತು. ಮನೆಯವರ ಒಪ್ಪಿಗೆ ಪತ್ರ, ಎರಡು ತಿಂಗಳೊಳಗಿನ ಕರೆಂಟು ಬಿಲ್ಲು ಬೇಕು.

ಇನ್ನು ಡಿಜಿಟಲ್ ಸಹಿಯ ವಿಚಾರ. ಅದು ಹೆಬ್ಬೆರಳಷ್ಟು ಸಣ್ಣ ಸಾಧನ. ‘ಇಲ್ಲೇ ಇರಲಿ, ನಾನೇ ಹಾಕುತ್ತೇನೆ’ ಎಂದು ಅರ್ಜಿ ತುಂಬುವವರು ಹೇಳಬಹುದು. ಬಿಟ್ಟು ಬರಬೇಡಿ. ಬರೀ ಛಾಪಾ ಕಾಗದಕ್ಕೆ ರುಜು ಹಾಕಿಕೊಟ್ಟಂತೆಯೇ ಅದು. ನಾಳೆ ಯಾವ ಕಾಗದದ ಮೇಲೆ ಬಿದ್ದರೂ ಹೊಣೆ ನಿಮ್ಮದು.

ಸರ್ಟಿಫಿಕೇಟು ಬಂತೆಂದು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಕುಳಿತವರೂ ಉಂಟು. ಅಷ್ಟಕ್ಕೆ ವ್ಯಾಪಾರ ಆರಂಭಿಸುವಂತಿಲ್ಲ, ಸಾಲ ಎತ್ತುವಂತಿಲ್ಲ. ಸ್ಥಾಪಕ ಸದಸ್ಯರೆಲ್ಲರ ಷೇರು ಹಣ ಸಂದಾಯವಾಗಿದೆ ಎಂಬ ಘೋಷಣೆಯನ್ನು 180 ದಿನಗಳೊಳಗೆ ಸಲ್ಲಿಸಬೇಕು. ತಪ್ಪಿದರೆ ಕಂಪನಿಗೆ ಸಾವಿರಾರು ರೂಪಾಯಿ ದಂಡ, ಹೊಣೆಗಾರ ನಿರ್ದೇಶಕರಿಗೆ ದಿನದ ಲೆಕ್ಕದಲ್ಲಿ ಬೇರೆ. ರಿಜಿಸ್ಟ್ರಾರರು ಕಂಪನಿಯ ಹೆಸರನ್ನೇ ಹೊಡೆದುಹಾಕಲೂಬಹುದು. ಆದ್ದರಿಂದ ಸರ್ಟಿಫಿಕೇಟು ಕೈಸೇರಿದ ವಾರದಲ್ಲೇ ಬ್ಯಾಂಕಿನಲ್ಲಿ ಖಾತೆ ತೆರೆದು, ಹತ್ತೂ ಜನರ ಹಣ ಕಟ್ಟಿ, ರಸೀದಿಗಳನ್ನು ಜೋಪಾನ ಮಾಡಿ.