ಮೂವತ್ತು ದಿನದೊಳಗೆ ಬರೆಯಿರಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕವಿತೆ ಓದ್ತಾನೆ ಅಂತ ನನ್ನನ್ನು ಕರೆದಿದ್ದೀರಿ. ಇವತ್ತು ಕವಿತೆ ಬೇಡ, ಟೆಂಡರಿನ ವಿಷಯ ಮಾತಾಡ್ತೀನಿ. ನಗಬೇಡಿ. ನೀವು ಮಲಗುವ ಈ ಹಾಸ್ಟೆಲಿನ ಗೋಡೆ ಎದ್ದದ್ದು ಟೆಂಡರಿನಿಂದ. ನಿಮ್ಮ ತಟ್ಟೆಯ ಅನ್ನ, ನಮ್ಮ ಕೇರಿಯ ಚರಂಡಿ, ಕಾಂಕ್ರೀಟು ರಸ್ತೆ ಎಲ್ಲದರ ಹಿಂದೆಯೂ ಒಂದು ಟೆಂಡರು ಕಾಗದ ಇದೆ. ಕಲ್ಲು ಹೊತ್ತವರು ನಮ್ಮವರು, ಗಾರೆ ಕಲಸಿದವರು ನಮ್ಮವರು. ಬಿಲ್ಲಿನ ದುಡ್ಡು ಎಣಿಸಿಕೊಂಡವರು ಯಾರು?

ನಮ್ಮ ಕೇರಿಯಲ್ಲಿ ಒಬ್ಬ ಅಣ್ಣ ಇದ್ದಾನೆ. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿ, ಸಾಲ ಮಾಡಿ, ಗುತ್ತಿಗೆದಾರನ ಲೈಸೆನ್ಸು ತಗೊಂಡ. ಮೀಸಲು ಇಟ್ಟಿದ್ದ ಒಂದು ಸಣ್ಣ ಚರಂಡಿ ಕೆಲಸಕ್ಕೆ ಎಲ್ಲರಿಗಿಂತ ಕಡಿಮೆ ದರ ಹಾಕಿದ. 'ನಿನ್ನ ಒಂದು ಸರ್ಟಿಫಿಕೇಟಿಲ್ಲ' ಅಂದ್ರು. ಇತ್ತು ಅಂತ ಇವನು. ನಾಳೆ ಬಾ, ನಾಡಿದ್ದು ಬಾ. ಎರಡು ತಿಂಗಳು ಅಲೆದ. ಅಷ್ಟರಲ್ಲಿ ಚರಂಡಿ ಮುಗಿದೇ ಹೋಯ್ತು. ಟೆಂಡರು ಸಿಕ್ಕಿದ್ದು ನಮ್ಮದೇ ಕೇರಿಯ ಇನ್ನೊಬ್ಬ ಹುಡುಗನ ಹೆಸರಿಗೆ. ಬಂಡವಾಳ, ಜೆಸಿಬಿ, ಲಾಭ ಎಲ್ಲ ಊರ ಯಜಮಾನರದು. ಹುಡುಗನಿಗೆ ಸಹಿಯ ಕೂಲಿ.

ಅಣ್ಣ ಕೇಳಿದ: 'ನೀನು ಬಿ.ಎ. ಓದಿದ್ದೀಯಲ್ಲ, ಇದಕ್ಕೆ ಕಾನೂನು ಇಲ್ವಾ?' ನನಗೆ ಗೊತ್ತಿರಲಿಲ್ಲ. ಆ ನಾಚಿಕೆಯಿಂದ ಹುಡುಕಿ ಓದಿದೆ. ಓದಿದ್ದನ್ನೇ ಹೇಳ್ತಿದ್ದೀನಿ.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅಂತ ಒಂದು ಕಾನೂನಿದೆ. ಅದಕ್ಕೆ 2016ರಲ್ಲಿ ತಂದ ತಿದ್ದುಪಡಿಯಲ್ಲಿ, 50 ಲಕ್ಷದವರೆಗಿನ ಕಾಮಗಾರಿಗಳ ಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲು ಬಂತು. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. 2025ರಲ್ಲಿ 2 ಕೋಟಿಯ ಮಸೂದೆಯೂ ಬಂತು. ಮಿತಿ ಬದಲಾಗ್ತಾ ಇರುತ್ತೆ. ಟೆಂಡರು ಕರೆದ ದಿನ ಎಷ್ಟಿತ್ತು ಅಂತ ನೋಡಿಕೊಳ್ಳಿ.

ಮೀಸಲಿನ ಮಾತು ಎಲ್ಲರಿಗೂ ಗೊತ್ತು. ಅದೇ ಕಾನೂನಿನ 13 ಮತ್ತು 16ನೇ ಸೆಕ್ಷನ್ ಯಾರಿಗೂ ಗೊತ್ತಿಲ್ಲ. ಟೆಂಡರು ಒಪ್ಪಿಕೊಳ್ಳುವ ಅಧಿಕಾರಿ ಎಲ್ಲರ ದರ ಹೋಲಿಸಿ, ಕಾರಣ ಬರೆದು ಆದೇಶ ಮಾಡಬೇಕು ಅನ್ನುತ್ತೆ 13. ಆ ಆದೇಶದಿಂದ ಅನ್ಯಾಯವಾಯ್ತು ಅನ್ನಿಸಿದರೆ, ಅದು ಕೈಸೇರಿದ 30 ದಿನದೊಳಗೆ ಮೇಲಿನ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು ಅನ್ನುತ್ತೆ 16. ಮೂವತ್ತೇ ದಿನ! ನಮ್ಮ ಅಣ್ಣ ಅಲೆದದ್ದು ಎರಡು ತಿಂಗಳು.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಮಾಹಿತಿ ಹಕ್ಕು ಕಾಯ್ದೆ, 2005ರಂತೆ 10 ರೂಪಾಯಿ ಕಟ್ಟಿ ಟೆಂಡರಿನ ಕಡತ ಕೇಳಬಹುದು, ಕೇಳಲೇಬೇಕು. ಆದರೆ ಉತ್ತರ ಕೊಡಲು ಅವರಿಗೂ 30 ದಿನ ಇದೆ. ಅದು ಬರಲಿ ಅಂತ ಕೂತರೆ ಮೇಲ್ಮನವಿಯ ಗಡುವು ಮುಗಿಯುತ್ತೆ. ಎರಡನ್ನೂ ಒಟ್ಟಿಗೇ ಹಾಕಿ. ಗೊತ್ತಿರುವಷ್ಟು ಬರೆದು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಕಚೇರಿಯಲ್ಲಿ ಬೆಲೆ ಇಲ್ಲ.

ಷರತ್ತೇ ಯಾರೋ ಒಬ್ಬರ ಅಳತೆಗೆ ಹೊಲಿದ ಅಂಗಿಯ ಹಾಗಿದ್ದರೆ? ಆಗ ಟೆಂಡರು ತೆರೆಯುವ ಮೊದಲೇ ಬರೆದು ಪ್ರಶ್ನಿಸಿ. ಸೋತ ಮೇಲೆ ಹೋದರೆ 'ಒಪ್ಪಿಕೊಂಡು ತಾನೇ ಟೆಂಡರು ಹಾಕಿದ್ದು' ಅಂತ ಕೋರ್ಟು ಕೇಳುತ್ತೆ.

ಇನ್ನು ಹೈಕೋರ್ಟು. ಸಂವಿಧಾನದ 226ನೇ ವಿಧಿ ಆ ಬಾಗಿಲು ತೆರೆದಿದೆ. ಆದರೆ ಕೋರ್ಟು ನಮ್ಮ ದರ ನೋಡಿ ಟೆಂಡರು ಹಂಚುವುದಿಲ್ಲ. 2006ರ ಜಗದೀಶ ಮಂಡಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡು ಪ್ರಶ್ನೆ ಇಟ್ಟಿತು: ತೀರ್ಮಾನದಲ್ಲಿ ದುರುದ್ದೇಶ, ಪಕ್ಷಪಾತ, ಮನಸೋಇಚ್ಛೆ ಇದೆಯೇ? ಸಾರ್ವಜನಿಕ ಹಿತಕ್ಕೆ ಧಕ್ಕೆ ಇದೆಯೇ? ಇಲ್ಲವಾದರೆ ಕೋರ್ಟು ಕೈಹಾಕುವುದಿಲ್ಲ.

ಅದಕ್ಕೂ ಹಿಂದಿನ ಒಂದು ಕತೆ ಕೇಳಿ. ಮುಂಬಯಿ ವಿಮಾನ ನಿಲ್ದಾಣದಲ್ಲಿ ಒಂದು ಹೋಟೆಲು, ಎರಡು ತಿಂಡಿ ಅಂಗಡಿ ನಡೆಸಲು 1977ರಲ್ಲಿ ಟೆಂಡರು ಕರೆದರು. ಎರಡನೇ ದರ್ಜೆಯ ಹೋಟೆಲಿನವರಾಗಿ 5 ವರ್ಷ ಅನುಭವ ಬೇಕು ಅಂತ ಷರತ್ತು. ಕೊಟ್ಟದ್ದು ಆ ಅರ್ಹತೆ ಇಲ್ಲದವರಿಗೆ. ರಮಣ ದಯಾರಾಂ ಶೆಟ್ಟಿ ಪ್ರಕರಣ ಅಂತ ಅದು ಹೆಸರಾಯ್ತು. 1979ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು: ಸರ್ಕಾರ ತಾನೇ ಇಟ್ಟ ಅಳತೆಗೋಲನ್ನು ತಾನೇ ಮುರಿಯುವ ಹಾಗಿಲ್ಲ. ಎಂಥ ಮಾತು! ಆದರೂ ಗುತ್ತಿಗೆ ರದ್ದಾಗಲಿಲ್ಲ. ಅರ್ಜಿದಾರ ಐದು ತಿಂಗಳಿಗೂ ಹೆಚ್ಚು ತಡ ಮಾಡಿ ಬಂದಿದ್ದ, ಆ ಹೊತ್ತಿಗೆ ಗುತ್ತಿಗೆ ಪಡೆದವರು ಹಣ ಸುರಿದಿದ್ದರು. ಅಲ್ಲದೆ ಅವನು ಬೇರೆ ಯಾರದೋ ಪರವಾಗಿ ಬಂದ ಹಾಗೆ ಕಾಣುತ್ತೆ ಅಂತಲೂ ಕೋರ್ಟು ಹೇಳಿತು. ತಡ ಒಂದು, ಬೇರೆಯವರ ಕೈಗೊಂಬೆ ಆಗುವುದು ಇನ್ನೊಂದು. ನಮ್ಮ ಕೇರಿಯನ್ನು ಸೋಲಿಸಿದ್ದೂ ಇವೇ ಎರಡು.

ವಕೀಲರಿಗೆ ದುಡ್ಡೆಲ್ಲಿ ಅಂತೀರಿ. ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ, 1987ರ 12ನೇ ಸೆಕ್ಷನ್ನಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ಕಾನೂನು ನೆರವು ಇದೆ. ಆದಾಯದ ಮಿತಿಯೂ ಇಲ್ಲ. ಟೆಂಡರು ಹಾಕಬೇಡ ಅಂತ ಹೆದರಿಸಿದರೋ, ಜಾತಿಯ ಕಾರಣಕ್ಕೆ ವ್ಯಾಪಾರ, ಕಸುಬು ತಡೆಯುವುದು 2015ರ ತಿದ್ದುಪಡಿಯ ನಂತರ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅಪರಾಧ.

ಕೊನೆಯ ಮಾತು. ನಾಳೆ ನಿಮ್ಮ ಊರಿನ ದೊಡ್ಡವರು ಯಾರೋ ಬಂದು, 'ಓದಿದ ಹುಡುಗ ನೀನು, ಒಂದು ಸಹಿ ಹಾಕು, ಹತ್ತು ಸಾವಿರ ತಗೋ' ಅನ್ನಬಹುದು. ಮನೆಯಲ್ಲಿ ಹಸಿವಿರುತ್ತೆ, ನನಗೂ ಗೊತ್ತು. ನಮ್ಮ ಅಜ್ಜಂದಿರು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜೀತಕ್ಕೆ ಹೋದರು. ಅವರಿಗೆ ಓದು ಬರ್ತಿರಲಿಲ್ಲ. ನಮಗೆ ಬರುತ್ತೆ. ಆ ಸಹಿಯನ್ನು ಮಾರಬೇಡಿ. ರಜಕ್ಕೆ ಊರಿಗೆ ಹೋದಾಗ ಗಾರೆ ಕೆಲಸದ ಅಣ್ಣನ ಪಕ್ಕ ಕೂತು, ಆದೇಶ ಯಾವ ತಾರೀಕು ಬಂತು ಅಂತ ಕೇಳಿ, ದಿನ ಎಣಿಸಿ, ಮೇಲ್ಮನವಿ ಬರೆದುಕೊಡಿ.

ಜೈ ಭೀಮ್.