ತಿರುಗದ ವಾಲ್ವ್

ಠಾಣೆ ಪೂರ್ವದ ಕೋಪರಿಯಂಥ ಕಡೆ, ಹಳೆಯ ಫ್ಲ್ಯಾಟುಗಳ ಬಚ್ಚಲ ಮೂಲೆಯಲ್ಲೊಂದು ಹಿತ್ತಾಳೆಯ ಗೇಟ್ ವಾಲ್ವ್ ಇರುತ್ತದೆ. ಭಾತ್ಸಾ ನದಿಯ ನೀರು ತಾರಸಿಯ ಟ್ಯಾಂಕಿಗೇರಿ ಮನೆಗಿಳಿಯುವಾಗ ತಡೆಯುವ ಬಾಗಿಲು ಅದೇ. ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಒಳಗೆ ಸುಣ್ಣ ಕಟ್ಟಿ ತಿರುಪು ಕಚ್ಚಿಕೊಳ್ಳುತ್ತದೆ. ನಲ್ಲಿ ಕಿತ್ತುಬಂದ ದಿನವೇ ಅದರ ನೆನಪು! ಸಿಟ್ಟಿನಲ್ಲಿ ಪಾನಾ ಹಾಕಿ ತಿರುಚಿದರೆ ಒಳಗಿನ ದಂಡವೇ ತುಂಡಾದೀತು.

ಬಲ್ಲ ಪ್ಲಂಬರ್ ಅವಸರಪಡುವುದಿಲ್ಲ. ಮೊದಲು ತಾರಸಿಯ ವಾಲ್ವ್ ಮುಚ್ಚುತ್ತಾನೆ. ದಂಡದ ಬುಡಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಕಾಯುತ್ತಾನೆ. ಆಮೇಲೆ ಎಳ್ಳಷ್ಟು ಆಚೆಗೆ, ಎಳ್ಳಷ್ಟು ಈಚೆಗೆ. ಜಗ್ಗದಿದ್ದರೆ ಬದಲಿಸುತ್ತಾನೆ, ಹಟಕ್ಕೆ ಬೀಳುವುದಿಲ್ಲ.

ಮಾತು ಬಿಟ್ಟ ಅಣ್ಣತಮ್ಮಂದಿರ ಕಥೆಯೂ ಇಷ್ಟೇ. ವರ್ಷಾನುಗಟ್ಟಲೆ ಊರಿಗೆ ಫೋನಿಲ್ಲ. ಆಸ್ತಿ ಪಾಲಿನ ದಿನ ಒಮ್ಮೆಲೇ ಎಲ್ಲ ಸರಿಹೋಗಬೇಕೆಂದರೆ ಹೇಗೆ? ಜಗಳವಿಲ್ಲದಾಗ ಆಡಿಕೊಂಡ ಕ್ಷೇಮ ಸಮಾಚಾರವೇ ಜಗಳದ ದಿನ ಕೈಹಿಡಿಯುತ್ತದೆ. ಕಷ್ಟಕ್ಕೆ ಬೇಕಾದದ್ದನ್ನು ಸುಖದಲ್ಲೇ ಆಡಿಸುತ್ತಿರಬೇಕು.

ಹಾಗಾಗಿ ಆರು ತಿಂಗಳಿಗೊಮ್ಮೆ ವಾಲ್ವನ್ನು ಪೂರ್ತಿ ಮುಚ್ಚಿ ತೆರೆಯಿರಿ. ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ. ಅದೇ ದಿನ ಅಣ್ಣನಿಗೊಂದು ಫೋನೂ ಮಾಡಿ.