ನೋಡಿದವರ ಮಾತೇ ಮೊದಲ ಔಷಧಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಗೆ ಐವತ್ತು ತುಂಬಿದ ಸಂತೋಷದಲ್ಲಿ ಕಾಯಿಲೆಯ ಮಾತೇಕೆ ಎಂದು ಅನ್ನಿಸಬಹುದು. ನಾನು ನರರೋಗದ ವೈದ್ಯ. ನನಗೆ ಗೊತ್ತಿರುವುದರಲ್ಲಿ ಊರಿಗೆ ಉಪಯೋಗವಾಗುವುದನ್ನು ಹೇಳಿ ಹೋಗುವುದೇ ಸರಿ ಎಂದುಕೊಂಡಿದ್ದೇನೆ. ಫಿಟ್ಸ್ ಮತ್ತು ಲಕ್ವ, ಈ ಎರಡರಲ್ಲೂ ತನಗೇನಾಯಿತೆಂದು ಹೇಳಲು ರೋಗಿಗೆ ಬಹಳ ಸಲ ಆಗುವುದಿಲ್ಲ. ಆ ಹೊತ್ತಿಗೆ ವೈದ್ಯರೂ ಅಲ್ಲಿರುವುದಿಲ್ಲ. ಪಕ್ಕದಲ್ಲಿದ್ದ ನೀವು ಏನು ನೋಡಿದಿರಿ, ಎಷ್ಟು ಗಂಟೆಗೆ ನೋಡಿದಿರಿ ಎಂಬುದರ ಮೇಲೆ ಚಿಕಿತ್ಸೆ ನಿಂತಿರುತ್ತದೆ.

ಮೊದಲು ಫಿಟ್ಸ್. ಮಿದುಳಿನ ವಿದ್ಯುತ್ ಸಂಚಾರ ಕೆಲವು ಕ್ಷಣ ದಾರಿ ತಪ್ಪುವುದೇ ಫಿಟ್ಸ್. ಇದು ಗಾಳಿಯಲ್ಲ, ಶಾಪವಲ್ಲ, ಅಂಟುರೋಗವೂ ಅಲ್ಲ. ಯಾರಾದರೂ ಬಿದ್ದು ಕೈಕಾಲು ಅದುರಿದರೆ ಕೈಗೆ ಬೀಗದ ಕೈ ಕೊಡಬೇಡಿ, ಚಪ್ಪಲಿ ಮೂಸಿಸಬೇಡಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ತಲೆಯ ಕೆಳಗೆ ಮೆತ್ತಗೆ ಏನಾದರೂ ಇಟ್ಟು, ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತವೆ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ, 108ಕ್ಕೆ ಕರೆ ಮಾಡಿ. ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ವೈದ್ಯರಿಗೆ ಅದು ದೊಡ್ಡ ಸಹಾಯ.

ಶಿಕ್ಷಕರಲ್ಲಿ ಒಂದು ಮಾತು. ಎಲ್ಲ ಫಿಟ್ಸೂ ಬೀಳಿಸುವುದಿಲ್ಲ. ಪಾಠದ ನಡುವೆ ಹತ್ತು ಸೆಕೆಂಡು ನೆಟ್ಟ ನೋಟದಲ್ಲಿ ಸ್ತಬ್ಧವಾಗಿ, ಮತ್ತೆ ಏನೂ ಆಗದಂತೆ ಬರೆಯತೊಡಗುವ ಮಗು ದಿನಕ್ಕೆ ಹಲವು ಸಲ ಹಾಗೆ ಮಾಡಿದರೆ, ಅದು ಗಮನವಿಲ್ಲದ್ದಲ್ಲ, ಕಾಯಿಲೆ ಇರಬಹುದು. ಬೈಯುವ ಮೊದಲು ಮನೆಯವರಿಗೆ ತಿಳಿಸಿ.

ನಮ್ಮ ಮೈಸೂರು, ಚಾಮರಾಜನಗರದ ಕಡೆ ತಲೆಗೆ ಬಿಸಿಬಿಸಿ ನೀರು ಹುಯ್ದುಕೊಳ್ಳುವಾಗ ಬರುವ ಫಿಟ್ಸ್ ಕೂಡ ಇದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಬಚ್ಚಲಲ್ಲಿ ಆದದ್ದೆಂದು ಯಾರಾದರೂ ಹೇಳಿದರೇ ನಮಗೆ ತಿಳಿಯುವುದು. ಹಲವರಿಗೆ ನೀರಿನ ಬಿಸಿ ಇಳಿಸಿದರೇ ಸಾಕಾಗುತ್ತದೆ.

ಸರಿಯಾದ ಮಾತ್ರೆಯಿಂದ ಹತ್ತರಲ್ಲಿ ಸುಮಾರು ಏಳು ಜನರ ಫಿಟ್ಸ್ ಹತೋಟಿಗೆ ಬರುತ್ತದೆ. ಆದರೆ ಮದುವೆಗೆ ತೊಂದರೆ ಎಂದು ಮುಚ್ಚಿಟ್ಟು, ಮದುವೆಯ ವಾರ ಮಾತ್ರೆ ನಿಲ್ಲಿಸಿ, ಮತ್ತೆ ಬಿದ್ದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರಕ್ಕಿದ್ದ ಅಡ್ಡಿಯನ್ನು 1999ರಲ್ಲೇ ತೆಗೆದಿದ್ದಾರೆ. ಕಾನೂನು ಬಿಟ್ಟದ್ದನ್ನು ನಾವೂ ಬಿಡೋಣ. ವೈದ್ಯರನ್ನು ಕೇಳದೆ ಒಂದು ದಿನವೂ ಮಾತ್ರೆ ನಿಲ್ಲಿಸಬೇಡಿ.

ಇನ್ನು ಲಕ್ವ. ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಬರುವುದು ಇದು. ಮೂರು ಗುರುತು ನೆನಪಿಡಿ: ನಕ್ಕಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಎತ್ತಿದ ಎರಡು ಕೈಗಳಲ್ಲಿ ಒಂದು ಕೆಳಗೆ ಜಾರುವುದು, ಮಾತು ತೊದಲುವುದು. ಇದರಲ್ಲಿ ಒಂದು ದಿಢೀರನೆ ಕಂಡರೂ ಸಾಕು, ಹೊರಡಿ. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಸರಿಹೋದರೂ ಹೊರಡಿ, ಅದು ಮುನ್ಸೂಚನೆ.

ನಾಳ ಕಟ್ಟಿಕೊಂಡಿದ್ದರೆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಲಾಭ. ನಾಳ ಒಡೆದವರಿಗೆ ಅದೇ ಇಂಜೆಕ್ಷನ್ ಅಪಾಯ. ಯಾವುದೆಂದು ಸಿ.ಟಿ. ಸ್ಕ್ಯಾನ್ ಮಾಡದೆ ತಿಳಿಯದು. ಆದ್ದರಿಂದ ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ, ಬಿ.ಪಿ. ಮಾತ್ರೆ ಹೆಚ್ಚಿಗೆ ಕೊಡಬೇಡಿ. ಎಣ್ಣೆ ತಿಕ್ಕುತ್ತಾ, ನಾಟಿ ಔಷಧಿ ಹುಡುಕುತ್ತಾ ಹೊತ್ತು ಕಳೆಯಬೇಡಿ. ಹಗಲು ರಾತ್ರಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿಟ್ಟುಕೊಳ್ಳಿ.

ಅಲ್ಲಿ ನಾವು ಕೇಳುವ ಮೊದಲ ಪ್ರಶ್ನೆ: ಇವರು ಚೆನ್ನಾಗಿದ್ದದ್ದನ್ನು ಕೊನೆಗೆ ಎಷ್ಟು ಗಂಟೆಗೆ ನೋಡಿದಿರಿ? ಬೆಳಿಗ್ಗೆ ಎದ್ದಾಗ ಕೈ ಬಿದ್ದಿದ್ದರೆ ಮಲಗಿದ ಹೊತ್ತನ್ನು ಹೇಳಬೇಕು. ನೋಡಿದವರು ಹಿಂದೆ ಉಳಿದು, ಬೇರೆ ಯಾರೋ ಆಂಬುಲೆನ್ಸಿನಲ್ಲಿ ಬಂದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನೋಡಿದವರೇ ಜೊತೆಗೆ ಬನ್ನಿ. ಮಾತ್ರೆ ಚೀಟಿಗಳನ್ನೂ ತನ್ನಿ.

ಮಕ್ಕಳೇ, ಆ ಮೂರು ಗುರುತನ್ನು ಇವತ್ತು ಮನೆಗೆ ಹೋಗಿ ಅಜ್ಜ ಅಜ್ಜಿಗೆ ಹೇಳಿ.